ಇಟ್ಟಂಗಿ ಒಲೆಗೆ ಯಾವ ಬಣ್ಣ?

ಮಹಾನವಮಿಯಿಂದ ದೀಪಾವಳಿಯವರೆಗೆ ಬಾಗಲಕೋಟೆ ತಾಲ್ಲೂಕಿನ ಬೇವೂರಿನ ಕಡೆ ಮನೆಗಳಿಗೆ ಬಣ್ಣದ ಕಾಲ. ಹಾಸಿಗೆ, ಹೊದಿಕೆ, ಡಬ್ಬಿ, ಬುಟ್ಟಿ ಎಲ್ಲ ಅಂಗಳಕ್ಕೆ ಬರುತ್ತವೆ. ಜಂತಿಯ ಜೇಡರಬಲೆ ಇಳಿಯುತ್ತದೆ. ಪಡಸಾಲೆಯ ಗೋಡೆಗೆ ಡಿಸ್ಟೆಂಪರ್, ಬಾಗಿಲು ಚೌಕಟ್ಟಿಗೆ ಆಯಿಲ್ ಪೇಂಟು. ಎಲ್ಲ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಒಂದಿಷ್ಟು ಬಣ್ಣ ಉಳಿಯುತ್ತದೆ. ಅದನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಹಿತ್ತಲಲ್ಲೋ ಅಡುಗೆಮನೆಯ ಮೂಲೆಯಲ್ಲೋ ಇಟ್ಟಂಗಿಯಲ್ಲಿ ಕಟ್ಟಿದ ಒಲೆ ಇರುತ್ತದಲ್ಲ, ಅದಕ್ಕೇ ಬಳಿದುಬಿಡುತ್ತಾರೆ. ಹಸಿರೋ ನೀಲಿಯೋ, ಇಲ್ಲವೇ ಇಟ್ಟಂಗಿಯದನ್ನೇ ಹೋಲುವ ಕೆಂಪೋ. ಹಬ್ಬದ ದಿನ ಒಲೆ ಫಳಫಳ ಹೊಳೆಯುತ್ತದೆ.

ನಾಲ್ಕು ದಿನ ರೊಟ್ಟಿ ಬಡಿದ ಮೇಲೆ ಅದೇ ಒಲೆಯನ್ನು ನೋಡಬೇಕು. ಬಾಯಿಯ ಸುತ್ತ ಬಣ್ಣ ಗುಳ್ಳೆ ಎದ್ದಿರುತ್ತದೆ, ಕಂದಿರುತ್ತದೆ, ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿರುತ್ತದೆ. ಹೊತ್ತಿದ ಪೇಂಟಿನ ವಾಸನೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು, ಗಂಟಲಿಗೆ ಹಿಡಿಯುತ್ತದೆ. ಉದುರಿದ ಚೂರು ಹಿಟ್ಟಿನ ಪರಾತದ ಪಕ್ಕದಲ್ಲೇ ಬೀಳುತ್ತದೆ. ಒಲೆಗೆ ಬಣ್ಣ ಬೇಡವೆಂದು ನಾನು ಹೇಳುತ್ತಿಲ್ಲ. ಒಲೆಗೆ ಬಣ್ಣ ಬೇಕೇ ಬೇಕು, ಅದೂ ಮತ್ತೆ ಮತ್ತೆ ಬೇಕು. ಆದರೆ ಅದು ಮಣ್ಣು ಮತ್ತು ಕಲ್ಲಿನಿಂದ ಬಂದ ಬಣ್ಣವಾಗಿರಬೇಕು. ಈ ಸೀಮೆಯ ಹೆಂಗಸರು ತಲೆಮಾರುಗಳಿಂದ ಹಾಗೆಯೇ ಮಾಡಿಕೊಂಡು ಬಂದಿದ್ದಾರೆ. ಅದರ ಹಿಂದೆ ಗಟ್ಟಿಯಾದ ಕಾರಣಗಳಿವೆ.

ಮೊದಲು ಅವರ ಕೆಲಸವನ್ನೇ ನೋಡೋಣ. ಬೆಳಗಿನ ಮೊದಲ ಉರಿಗೆ ಮುನ್ನ ಒಲೆಯ ಬೂದಿ ತೆಗೆಯುತ್ತಾರೆ. ಸೆಗಣಿ ಮತ್ತು ಮಣ್ಣನ್ನು ನೀರಲ್ಲಿ ಕಲಸಿ, ಹಳೆಯ ಅರಿವೆಯ ಚೂರನ್ನು ಅದರಲ್ಲಿ ಅದ್ದಿ, ಒಲೆಯ ಮೈಮೇಲೆ ಕೈಯಾಡಿಸುತ್ತಾರೆ. ಇದು ಸಾರಿಸುವುದು. ಕೈ ಯಾವಾಗಲೂ ಒಂದೇ ದಿಕ್ಕಿಗೆ, ಬಾಗಿದ ಗೆರೆಯಲ್ಲಿ ಓಡುತ್ತದೆ. ಒಣಗಿದ ಮೇಲೆ ಆ ಬೆರಳಿನ ಗೆರೆಗಳೇ ವಿನ್ಯಾಸವಾಗಿ ನಿಲ್ಲುತ್ತವೆ. ನಿನ್ನೆಯ ಉರಿಗೆ ಎದ್ದ ಸಣ್ಣ ಬಿರುಕುಗಳೆಲ್ಲ ಇವತ್ತಿನ ಸಾರಣೆಯಲ್ಲಿ ಮುಚ್ಚುತ್ತವೆ. ವಾರಕ್ಕೊಮ್ಮೆಯೋ ಅಮಾವಾಸ್ಯೆ, ಹುಣ್ಣಿಮೆಗೋ ಕೆಮ್ಮಣ್ಣಿನ ಲೇಪ. ಹಬ್ಬಕ್ಕೆ ಹುರಮಂಜಿನ ಕೆಂಪು. ಅದರ ಮೇಲೆ ಅಂಚಿಗುಂಟ ಸುಣ್ಣದ ಎಳೆ, ಎದುರಿಗೆ ರಂಗೋಲಿ, ಅರಿಷಿಣ, ಕುಂಕುಮ. ನಾಗರ ಪಂಚಮಿಯ ಹಿಂದಿನ ರೊಟ್ಟಿ ಹಬ್ಬಕ್ಕೆ ಒಲೆಗೆ ಬಿಡುವಿಲ್ಲದ ದುಡಿಮೆ. ಮಾರನೆಯ ದಿನ ಹಂಚು ಇಡುವಂತಿಲ್ಲ. ಹೀಗೆ ಒಲೆ ಪೂರ್ತಿ ತಣ್ಣಗಾಗುವ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು. ದೊಡ್ಡ ದುರಸ್ತಿಗೂ ಬಣ್ಣಕ್ಕೂ ಅಂಥ ದಿನವೇ ಸರಿ. ಮದುವೆಯ ಮನೆಯಲ್ಲಿ ಹೊಸ ಒಲೆ ಹೂಡಿದರೆ ಅದಕ್ಕೆ ಪೂಜೆ, ಪೂಜೆಗೆ ಮುಂಚೆ ಕೆಂಪು ಬಿಳಿ ಪಟ್ಟೆ. ಬಣ್ಣವಿಲ್ಲದ ಒಲೆಯ ಮೇಲೆ ಮದುವೆಯ ಅಡುಗೆ ಏರುವುದಿಲ್ಲ.

ಇದನ್ನು ನಾವು ಕಸಮುಸುರೆಯ ಜೊತೆ ಸೇರಿಸಿ ಮನೆಗೆಲಸ ಎಂದುಬಿಟ್ಟಿದ್ದೇವೆ. ಮಲೆನಾಡಿನ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆಯುವ ಹಸೆ ಚಿತ್ತಾರಕ್ಕೆ ಕಲೆಯೆಂಬ ಮನ್ನಣೆ ಸಿಕ್ಕಿದೆ, ಸಿಗಬೇಕಾದದ್ದೇ. ಬಯಲುಸೀಮೆಯ ಒಲೆಯ ಬಣ್ಣಕ್ಕೆ ಅಂಥ ಹೆಸರು ಬರಲಿಲ್ಲ, ಏಕೆಂದರೆ ಅದು ದಿನವೂ ಸುಟ್ಟು ದಿನವೂ ಹೊಸದಾಗುತ್ತದೆ, ಚಿತ್ರ ತೆಗೆದು ಗೋಡೆಗೆ ತೂಗುಹಾಕಲು ಉಳಿಯುವುದಿಲ್ಲ.

ಒಲೆಯ ಮಣ್ಣಿನ ಆಯ್ಕೆಯಲ್ಲೇ ಎಷ್ಟು ತಿಳಿವಳಿಕೆ ಇದೆ ನೋಡಿ. ಈ ಭಾಗದ ಹೊಲಗಳಲ್ಲಿ ಹೆಚ್ಚು ಇರುವುದು ಎರೆ ಮಣ್ಣು, ಬಿಳಿಜೋಳಕ್ಕೂ ಹತ್ತಿಗೂ ಕಡಲೆಗೂ ಹೇಳಿ ಮಾಡಿಸಿದ್ದು. ಆದರೆ ಎರೆಯನ್ನೊಂದನ್ನೇ ಒಲೆಗೆ ಮೆತ್ತಿದರೆ ಅದು ಒಣಗಿ ಸೀಳುತ್ತದೆ. ಎರೆಯಲ್ಲಿರುವ ಜೇಡಿಯ ಕಣ ನೀರು ಕುಡಿದಾಗ ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದೂ ಇದೇ ಕಾರಣಕ್ಕೆ. ಆದ್ದರಿಂದ ಒಲೆಗೆ ಮಸಾರಿಯ ಕೆಂಪು ಮಣ್ಣು, ಹಳ್ಳದ ಉಸುಕು, ಜೊತೆಗೆ ಹೊಟ್ಟು ಅಥವಾ ಸೆಗಣಿ. ಸೆಗಣಿಯ ನಾರು ಮಣ್ಣನ್ನು ಹಿಡಿದಿಡುತ್ತದೆ. ಉರಿ ತಾಗುವ ಕಡೆ ಆ ನಾರು ಸುಟ್ಟುಹೋಗಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಲೇಪ ಒಡೆಯದೆ ಉಳಿಯಲು ಆ ರಂಧ್ರಗಳೇ ನೆರವಾಗುತ್ತವೆ.

ಇನ್ನು ಬಣ್ಣ. ಕೆಮ್ಮಣ್ಣು, ಹುರಮಂಜು ಎರಡರ ಕೆಂಪಿಗೂ ಕಾರಣ ಕಬ್ಬಿಣದ ಆಕ್ಸೈಡು. ಅದು ಆಗಲೇ ಆಮ್ಲಜನಕದೊಂದಿಗೆ ಕೂಡಿದ ಕಬ್ಬಿಣ, ಅದರಲ್ಲಿ ಮತ್ತೆ ಉರಿಯುವಂಥದ್ದು ಏನೂ ಉಳಿದಿಲ್ಲ. ಹಳದಿ ಮಣ್ಣನ್ನು ಬೆಂಕಿಗೆ ಹಾಕಿದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರೊಳಗೆ ಕಟ್ಟಿಕೊಂಡ ನೀರು ಬಿಟ್ಟುಹೋಗಿ ಅದೂ ಕೆಂಪಾಗುತ್ತದೆ. ಇಟ್ಟಂಗಿ ಕೆಂಪಾಗುವುದೂ ಮಣ್ಣಿನಲ್ಲಿರುವ ಕಬ್ಬಿಣದಿಂದಲೇ. ಹೀಗಾಗಿ ಇಟ್ಟಂಗಿ ಒಲೆಗೆ ಹುರಮಂಜು ಬಳಿದರೆ ಮೇಲಿನ ಬಣ್ಣ ಮತ್ತು ಕೆಳಗಿನ ಇಟ್ಟಂಗಿ ಒಂದೇ ಬಳಗದವು. ಬೆಂಕಿ ಕಂಡರೆ ಎರಡೂ ಹೆದರುವುದಿಲ್ಲ.

ಈ ಕೆಂಪಿನ ಬಾಳಿಕೆಗೆ ಸಾಕ್ಷಿ ಬೇಕಿದ್ದರೆ ಬೇವೂರಿನವರು ದೂರ ಹೋಗಬೇಕಿಲ್ಲ, ಬಾದಾಮಿ ಇದೇ ಜಿಲ್ಲೆಯಲ್ಲಿದೆ. ಅಲ್ಲಿನ ಮರಳುಗಲ್ಲು ಕೆಂಪಾಗಿರುವುದೂ ಕಬ್ಬಿಣದಿಂದ. ಬಾದಾಮಿಯ ಬೆಟ್ಟಗಳ ನಡುವೆ ಸಿಡಿಲಫಡಿ ಎಂಬ ಕಲ್ಲಾಸರೆ ಇದೆ. ಅದರ ಗೋಡೆಯ ಮೇಲೆ ಪ್ರಾಗೈತಿಹಾಸಿಕ ಕಾಲದ ಜನ ಕೆಂಪು ಮಣ್ಣಿನಲ್ಲಿ ಬರೆದ ಚಿತ್ರಗಳು ಇಂದಿಗೂ ಕಾಣುತ್ತವೆ. ಅದೇ ಊರಿನ ಮೂರನೆಯ ಗುಹಾಲಯ ಚಾಲುಕ್ಯರ ಮಂಗಲೇಶ ಮಾಡಿಸಿದ್ದು, ಅಲ್ಲಿನ ಶಾಸನ ಕ್ರಿ.ಶ. 578ನೆಯ ವರ್ಷದ್ದು. ಆ ಗುಹೆಯ ಛಾವಣಿಯ ಅಂಚಿನಲ್ಲಿ ಭಿತ್ತಿಚಿತ್ರದ ತುಣುಕುಗಳು ಉಳಿದಿವೆ. ಅರಮನೆಯ ಚಿತ್ರಕಾರನಿಗೂ ಹಳ್ಳಿಯ ಒಲೆಗೂ ನಂಟೆಲ್ಲಿ ಎಂದು ಯಾರಾದರೂ ಕೇಳಿದರೆ, ನೆಲದಿಂದ ಅಗೆದ ಬಣ್ಣವನ್ನು ಅರೆದು ಗೋಡೆಗೆ ಹಚ್ಚುವ ತಿಳಿವಳಿಕೆ ಇಬ್ಬರದೂ ಒಂದೇ ಎಂದು ಧಾರಾಳವಾಗಿ ಹೇಳಬಹುದು.

ಬಿಳಿಯ ಕಥೆ ಬೇರೆ, ಅದು ಸುಣ್ಣದ ಕಲ್ಲಿನಿಂದ ಬರುತ್ತದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಪ್ರದೇಶವನ್ನೆಲ್ಲ ಸುತ್ತಿ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಲ್ಲಿಯ ಶಿಲಾಸ್ತರಗಳಿಗೆ ಇದೇ ಸೀಮೆಯ ಕಲಾದಗಿ ಊರಿನ ಹೆಸರನ್ನೇ ಇಟ್ಟ. ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ಇಂದಿಗೂ ಕಲಾದಗಿ ಶಿಲಾಸಮೂಹ. ಮರಳುಗಲ್ಲು, ಬೆಣಚುಗಲ್ಲು, ಪದರುಗಲ್ಲಿನ ಜೊತೆಗೆ ಅದರಲ್ಲಿ ಸುಣ್ಣದ ಕಲ್ಲು ಹೇರಳ. ಬಾಗಲಕೋಟೆಯಲ್ಲಿ ಸಿಮೆಂಟು ಕಾರ್ಖಾನೆ ಎದ್ದದ್ದು, ಲೋಕಾಪುರದ ಕಡೆ ಕಲ್ಲಿನ ಗಣಿಗಳಾದದ್ದು ಈ ಕಲ್ಲಿನ ದೆಸೆಯಿಂದ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿ ಪುನಃ ಕಲ್ಲಾಗುತ್ತದೆ. ಒಲೆಯ ಹೊರಮೈಗೆ ಹಚ್ಚುವ ಸುಣ್ಣ ಎಂದರೆ ಕೂದಲೆಳೆಯಷ್ಟು ತೆಳ್ಳಗಿನ ಕಲ್ಲಿನ ಹೊದಿಕೆ. ಅದರಲ್ಲಿ ಸುಡುವ ರಾಳವಿಲ್ಲ, ಎಣ್ಣೆಯಿಲ್ಲ. ಇಟ್ಟಂಗಿಯೊಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ. ಕ್ಷಾರ ಗುಣದಿಂದ ಬೂಸು ಹತ್ತುವುದಿಲ್ಲ, ಇರುವೆ, ಜಿರಲೆಗಳ ಕಾಟವೂ ಕಡಿಮೆ.

ಆದರೆ ಸುಣ್ಣಕ್ಕೂ ಮಿತಿಯಿದೆ. ಉರಿ ನೇರವಾಗಿ ನೆಕ್ಕುವ ಒಳಗಿನ ಗೋಡೆಗೆ ಸುಣ್ಣ ಹಚ್ಚಿ ಪ್ರಯೋಜನವಿಲ್ಲ. ಅಲ್ಲಿ ಅದು ಪುಡಿಯಾಗಿ ಉದುರುತ್ತದೆ. ಒಳಗೆ ಮಣ್ಣಿನ ಲೇಪ, ಹೊರಗೆ ಸುಣ್ಣ, ಅಂಚಿಗೆ ಹುರಮಂಜು: ಹಳೆಯ ಒಲೆಗಳನ್ನು ನೋಡಿದರೆ ಈ ಹಂಚಿಕೆ ಕಣ್ಣಿಗೆ ಬೀಳುತ್ತದೆ. ಚೆಂದಕ್ಕಾಗಿ ಮಾಡಿದ್ದೆಂದು ನಾವು ಭಾವಿಸಿದ ಪಟ್ಟೆಗಳು ಒಲೆಯ ಯಾವ ಭಾಗ ಎಷ್ಟು ಕಾಯುತ್ತದೆ ಎಂಬುದರ ನಕ್ಷೆಯೂ ಹೌದು.

ಡಬ್ಬಿಯ ಪೇಂಟು ಇಲ್ಲಿ ಸೋಲುವುದು ಯಾಕೆ ಎಂಬುದು ಈಗ ಸುಲಭವಾಗಿ ಗೊತ್ತಾಗುತ್ತದೆ. ಎನಾಮೆಲ್ ಎಂದರೆ ಎಣ್ಣೆ ಬೆರೆತ ರಾಳದ ಪದರ. ಎಮಲ್ಷನ್ ಎಂದರೆ ಪ್ಲಾಸ್ಟಿಕ್ಕಿನ ಪದರ. ಕುದಿಯುವ ನೀರಿನಷ್ಟು ಬಿಸಿ ದಾಟಿತೆಂದರೆ ಇವು ಮೆದುವಾಗುತ್ತವೆ, ಹಳದಿಯಾಗುತ್ತವೆ, ಕೊನೆಗೆ ಕರಕಾಗುತ್ತವೆ. ಇನ್ನೊಂದು ತೊಂದರೆ ಒಳಗಿನಿಂದ ಬರುತ್ತದೆ. ಇಟ್ಟಂಗಿ ನೀರು ಹೀರುವ ವಸ್ತು. ಉಕ್ಕಿದ ಅನ್ನದ ಗಂಜಿ, ಚೆಲ್ಲಿದ ಸಾರು, ಮಳೆಗಾಲದ ತೇವ ಎಲ್ಲ ಅದರೊಳಗೆ ಇಳಿಯುತ್ತದೆ. ಒಲೆ ಹೊತ್ತಿಸಿದಾಗ ಆ ನೀರು ಆವಿಯಾಗಿ ಹೊರಬರಲು ನೋಡುತ್ತದೆ. ಹೊರಗೆ ಪ್ಲಾಸ್ಟಿಕ್ಕಿನ ಪದರ ಬಿಗಿದುಕೊಂಡಿದ್ದರೆ ಗುಳ್ಳೆ ಏಳದೆ ಇನ್ನೇನಾದೀತು?

ಸೀಸದ ಅಪಾಯವೂ ಇದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, ಅದು 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ, ತೊಟ್ಟಿಲುಗಳ ಮೇಲೆ ಯಾವ ಬಣ್ಣವಿದೆಯೆಂದು ಕಣ್ಣಿನಿಂದ ಹೇಳಲಾಗದು. ಹಳೆಯ ಮನೆ ಕೆಡವಿದಾಗ ಬಣ್ಣ ಬಳಿದ ಚೌಕಟ್ಟುಗಳನ್ನು ಸೀಳಿ ಉರುವಲು ಮಾಡುವುದು ನಮ್ಮ ಕಡೆ ರೂಢಿ. ದಯವಿಟ್ಟು ಅದನ್ನು ಒಲೆಗೆ ಹಾಕಬೇಡಿ. ಸೀಸ ಬೆಂಕಿಯಲ್ಲಿ ಇಲ್ಲವಾಗುವುದಿಲ್ಲ, ಹೊಗೆಯಲ್ಲಿ ಮತ್ತು ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುತ್ತೇವೆ. ಎಳೆಯ ಮಕ್ಕಳ ಮಿದುಳಿಗೆ ಸೀಸ ಮಾಡುವ ಕೇಡು ಸರಿಪಡಿಸಲಾಗದ್ದು.

ಸೆಗಣಿಯಿಂದ ಮಾಡಿದ ಪೇಂಟು ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ಪ್ರಾಕೃತಿಕ ಪೇಂಟ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದಿತು. ಡಿಸ್ಟೆಂಪರ್ ಮತ್ತು ಎಮಲ್ಷನ್ ರೂಪದಲ್ಲಿ ಸಿಗುತ್ತದೆ. ಗೋಡೆಗೆ ಒಳ್ಳೆಯದೇ. ಅಷ್ಟಕ್ಕೇ ಒಲೆಯ ಉರಿ ತಡೆಯುತ್ತದೆ ಎಂದುಕೊಳ್ಳಬಾರದು. ಒಲೆಗೆ ಹಿತ್ತಲಿನ ಸೆಗಣಿಯೇ ಸಾಕು, ಅದಕ್ಕೆ ಡಬ್ಬಿಯ ಹಂಗಿಲ್ಲ.

ಇಷ್ಟೆಲ್ಲ ಹೇಳುವಾಗ ಒಲೆಯ ಹೊಗೆಯನ್ನು ಮರೆಮಾಚಿದರೆ ಅನ್ಯಾಯವಾದೀತು. ಅಡುಗೆಮನೆಯ ಹೊಗೆ ಮತ್ತಿತರ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಳಕಿಂಡಿಯೊಂದೇ ಹೊಗೆಗೆ ದಾರಿಯಾಗಿದ್ದ ಕತ್ತಲೆಯ ಅಡುಗೆಮನೆಯಲ್ಲಿ ಕಣ್ಣೀರು ಸುರಿಸುತ್ತ ಹತ್ತಿ ಕಟ್ಟಿಗೆ, ಕುಳ್ಳು, ಜಾಲಿ ಉರಿಸಿದ ತಾಯಂದಿರ ಕೆಮ್ಮು ನಮಗೆಲ್ಲ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಅಸ್ತ್ರ ಎಂಬ ಘಟಕ ಹುಟ್ಟಿತು, ಹಳ್ಳಿಗೆ ಒಗ್ಗುವ ತಂತ್ರಜ್ಞಾನವನ್ನು ಕಟ್ಟುವುದು ಅದರ ಗುರಿ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಮಣ್ಣು, ಇಟ್ಟಂಗಿಯಲ್ಲೇ ಕಟ್ಟುವಂಥದ್ದು. ಉರಿ ಒಂದರ ಹಿಂದೊಂದು ಪಾತ್ರೆಯ ಅಡಿಗೆ ಹಾದು, ಹೊಗೆ ಕೊಳವೆಯ ಮೂಲಕ ಛಾವಣಿಯಾಚೆ ಹೋಗುತ್ತದೆ, ಕಟ್ಟಿಗೆಯೂ ಉಳಿಯುತ್ತದೆ. ದೇಶದ ಮಟ್ಟದಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮ 1983ರಲ್ಲಿ ಶುರುವಾಯಿತು. 2016ರ ನಂತರ ಉಜ್ವಲಾ ಯೋಜನೆಯ ಗ್ಯಾಸು ಬಂತು. ಚಹಾ, ಅನ್ನ, ಪಲ್ಯ ಗ್ಯಾಸಿಗೆ ಹೋದವು. ಹಂಡೆಯ ನೀರು ಮಾತ್ರ ಕಟ್ಟಿಗೆಗೇ ಉಳಿಯಿತು. ಕಟಕ್ ರೊಟ್ಟಿಯೂ ಅನೇಕ ಮನೆಗಳಲ್ಲಿ ಒಲೆಯನ್ನು ಬಿಡಲಿಲ್ಲ.

ಹೊಗೆಯ ವಿಷಯದಲ್ಲೂ ಬಣ್ಣ ಕೆಲಸಕ್ಕೆ ಬರುತ್ತದೆ. ಹೊಗೆಗೊಳವೆಯಿರುವ ಒಲೆಯಲ್ಲಿ ಇಟ್ಟಂಗಿಯ ಸಂದು ಬಿಟ್ಟಿದ್ದರೆ ಹೊಗೆ ಅಲ್ಲಿಂದ ಸೋರುತ್ತದೆ. ಕಡುಬಣ್ಣದ ಒಲೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಸುಣ್ಣ ಬಳಿದ ಒಲೆಯಲ್ಲಿ ಒಂದೆರಡು ದಿನಕ್ಕೇ ಕಪ್ಪು ಗೆರೆ ಮೂಡಿ ಸೋರುವ ಜಾಗ ತಾನೇ ತೋರುತ್ತದೆ. ಆ ಜಾಗಕ್ಕೆ ಮಣ್ಣು ಮೆತ್ತಿದರೆ ಮುಗಿಯಿತು. ಇನ್ನೊಂದು ಗುರುತೂ ಇದೆ. ಒಲೆಯೊಳಗೆ ಉರಿ ಬಲವಾಗಿ ತಾಗುವ ಕಡೆ ಮಸಿ ನಿಲ್ಲದು, ಸುಟ್ಟುಹೋಗುತ್ತದೆ. ಅಲ್ಲಿ ಇಟ್ಟಂಗಿ ತಿಳಿಯಾಗಿ ಕಾಣುತ್ತದೆ. ಮಸಿ ದಟ್ಟವಾಗಿ ಕೂತಿದೆ ಎಂದರೆ ಅಲ್ಲಿಗೆ ಕಾವು ಸಾಲುತ್ತಿಲ್ಲ ಎಂದೇ ಅರ್ಥ. ಸಾರಿಸುವ ಮುಂಚೆ ಇದನ್ನೊಮ್ಮೆ ನೋಡಿಕೊಂಡರೆ ಕಟ್ಟಿಗೆ ಎಲ್ಲಿಡಬೇಕೆಂಬುದೂ ತಿಳಿಯುತ್ತದೆ.

ಒಲೆಗೆ ಬಣ್ಣ ಕೊಡುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಇಂಗ್ಲೆಂಡಿನ ಸರ್ರೆ ಪ್ರಾಂತದ ರೈಗೇಟ್, ಗಾಡ್‌ಸ್ಟೋನ್ ಊರುಗಳ ಬಳಿ ಮೆತ್ತನೆಯ ಬಿಳಿಯ ಕಲ್ಲನ್ನು ಗಣಿಗಳಿಂದ ತೆಗೆದು, ಅಗ್ಗಿಷ್ಟಿಕೆಯ ಮುಂದಿನ ಹಾಸನ್ನೂ ಹೊಸ್ತಿಲನ್ನೂ ಬೆಳ್ಳಗೆ ಮಾಡಲು ಮನೆಮನೆಗೆ ಮಾರುತ್ತಿದ್ದರು. ಕಬ್ಬಿಣದ ಜಾಲರಿಗೆ ಗ್ರಾಫೈಟು ತಿಕ್ಕಿ ಕಪ್ಪು ಹೊಳಪು ಕೊಡುತ್ತಿದ್ದರು. ಅಲ್ಲಿನ ಬಡ ಮನೆಯ ಹೆಂಗಸರೂ ಮೊಣಕಾಲೂರಿ ಮಾಡಿದ ಕೆಲಸ ಅದು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಬಂಗಲೆಗಳಿಗೆ ಅಗ್ಗಿಷ್ಟಿಕೆ ಬಂದದ್ದು ಆ ನಾಡಿನಿಂದ. ಈಗ ಅಮೆರಿಕದಲ್ಲಿ ನೆಲೆಸಿರುವ ಬಾಗಲಕೋಟೆ, ವಿಜಯಪುರದ ಮಕ್ಕಳು ಕೊಳ್ಳುವ ಮನೆಗಳಲ್ಲೂ ಇಟ್ಟಂಗಿಯ ಅಗ್ಗಿಷ್ಟಿಕೆ ಇರುವುದುಂಟು. ಅದನ್ನು ಬೆಳ್ಳಗೆ ಮಾಡುವುದು ಅಲ್ಲೀಗ ಜನಪ್ರಿಯ. ಅಲ್ಲಿಯೂ ಅನುಭವಸ್ಥರು ಹೇಳುವ ಮಾತು ಇದೇ: ಮಸಿ ಚೆನ್ನಾಗಿ ತೊಳೆಯದೆ ಬಣ್ಣ ಮುಟ್ಟಬೇಡಿ, ಉರಿಯುವ ಗೂಡಿನೊಳಗೆ ಸಾಮಾನ್ಯ ಪೇಂಟು ಹಚ್ಚಲೇಬೇಡಿ, ಹೊರಮೈಗೆ ಸುಣ್ಣವಾದರೆ ಇಟ್ಟಂಗಿ ಉಸಿರಾಡುತ್ತದೆ. ಸಿಲಿಕೋನ್ ಬೆರೆತ ಶಾಖನಿರೋಧಕ ಬಣ್ಣಗಳು ಆರುನೂರು ಡಿಗ್ರಿಯವರೆಗೆ ತಡೆಯುತ್ತವೆ ನಿಜ. ಅವು ಲೋಹದ ಕೊಳವೆಗೆ, ಸೈಲೆನ್ಸರಿಗೆ ತಕ್ಕವು. ಹಳ್ಳಿಯ ಇಟ್ಟಂಗಿ ಒಲೆಗೆ ಆ ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಈ ಹಬ್ಬಕ್ಕೆ ಇಟ್ಟಂಗಿ ಒಲೆಗೆ ಬಣ್ಣ ಹಚ್ಚಬೇಕೆನ್ನುವವರಿಗೆ ಕ್ರಮ ಹೇಳುತ್ತೇನೆ. ಒಲೆ ಪೂರ್ತಿ ಆರಿರಬೇಕು. ಮಸಿಯನ್ನು ಒಣ ಬ್ರಷ್ಷಿನಿಂದ ಉದುರಿಸಿ, ಆಮೇಲೆ ಸೋಡಾ ಬೆರೆಸಿದ ಬಿಸಿನೀರಿನಿಂದ ತಿಕ್ಕಿ ತೊಳೆಯಬೇಕು. ಎಣ್ಣೆಯ ಜಿಡ್ಡು ಉಳಿದ ಕಡೆ ಸುಣ್ಣ ಹಿಡಿಯುವುದೇ ಇಲ್ಲ. ಹಿಂದಿನ ವರ್ಷದ ಆಯಿಲ್ ಪೇಂಟು ಇದ್ದರೆ ಅದನ್ನು ಒಣಗಿದಂತೆಯೇ ಕೆರೆಯಬೇಡಿ. ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಮಕ್ಕಳನ್ನು ದೂರವಿಟ್ಟು ಕೆರೆಯಿರಿ. ಚೂರುಗಳನ್ನು ಬಳಿದು ಚೀಲಕ್ಕೆ ತುಂಬಿ, ತಿಪ್ಪೆಗೂ ಬೆಂಕಿಗೂ ಹಾಕದೆ ಎತ್ತಿಡಿ. ಸಂದುಗಳಿಗೆ ಕೆಂಪು ಮಣ್ಣು, ಜರಡಿ ಹಿಡಿದ ಉಸುಕು, ಸೆಗಣಿ ಸೇರಿಸಿದ ಅರಲು ತುಂಬಿ. ಅದು ಒಣಗಿ ಬಿರುಕು ಬಿಟ್ಟರೆ ಉಸುಕು ಕಡಿಮೆಯಾಗಿದೆ ಎಂದು ತಿಳಿದು ಇನ್ನೊಮ್ಮೆ ಕಲಸಿ. ಗೂಡಿನ ಒಳಮೈಗೆ ಇದೇ ಅರಲನ್ನು ತೆಳ್ಳಗೆ ಮಾಡಿ ಎರಡು ಸಲ ಸಾರಿಸಿ.

ಸುಣ್ಣಕ್ಕೆ ಅವಸರ ಕೂಡದು. ಕಲ್ಲುಸುಣ್ಣ ತಂದರೆ ಅದನ್ನು ಅಗಲ ಬಾಯಿಯ ಲೋಹದ ಪಾತ್ರೆಯಲ್ಲಿ, ನೀರಿಗೆ ಸುಣ್ಣ ಹಾಕುತ್ತ ಅರಳಿಸಿ. ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು, ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಅರಳಿದ್ದನ್ನು ನೀರಿನಡಿ ಕೆಲವು ದಿನ ಇಟ್ಟಷ್ಟೂ ನುಣುಪು ಹೆಚ್ಚು. ಬಟ್ಟೆಯಲ್ಲಿ ಸೋಸಿ ಹಾಲಿನ ಹದಕ್ಕೆ ತನ್ನಿ. ಒಂದು ಹಿಡಿ ಉಪ್ಪು, ಸ್ವಲ್ಪ ಬೆಲ್ಲದ ನೀರು ಅಥವಾ ಡಬ್ಬಗಳ್ಳಿಯ ಲೋಳೆ ಸೇರಿಸಿದರೆ ಕೈಗೆ ಅಂಟುವುದು ಕಡಿಮೆಯಾಗುತ್ತದೆ. ಬೆಳ್ಳಗೆ ಮಿನುಗಲು ಚಿಟಿಕೆ ನೀಲಿ ಸಾಕು. ಹಳದಿ ಬೇಕೆಂದು ಅರಿಷಿಣ ಹಾಕಬೇಡಿ, ಸುಣ್ಣ ತಾಗಿದೊಡನೆ ಅದು ಕೆಂಪಾಗಿ, ಬಿಸಿಲಿಗೆ ಮಾಸಿಹೋಗುತ್ತದೆ. ಹಳದಿಗೆ ಹಳದಿ ಮಣ್ಣು, ಕೆಂಪಿಗೆ ಹುರಮಂಜು.

ಇಟ್ಟಂಗಿಗೆ ಮೊದಲು ನೀರು ಚಿಮುಕಿಸಿ ತೇವ ಮಾಡಿಕೊಂಡು ತೆಳ್ಳಗೆ ಬಳಿಯಿರಿ. ಬಳಿಯುವಾಗ ಏನೂ ಹತ್ತಿಲ್ಲವೆಂಬಂತೆ ಕಾಣುತ್ತದೆ, ಒಣಗಿದ ಮೇಲೆ ಬಿಳುಪೇರುತ್ತದೆ. ದಪ್ಪಗೆ ಒಂದೇ ಸಲ ಬಳಿದರೆ ಹಕ್ಕಳೆ ಏಳುತ್ತದೆ, ತೆಳುವಾಗಿ ಮೂರು ನಾಲ್ಕು ಸಲ ಬಳಿದರೆ ಕಚ್ಚಿಕೊಳ್ಳುತ್ತದೆ. ಸುಣ್ಣ ಕಲ್ಲಾಗಲು ತೇವ ಬೇಕು. ಬೇವೂರಿನ ಚೈತ್ರ ವೈಶಾಖದ ಬಿಸಿಗಾಳಿಗೆ ಅದು ಕಲ್ಲಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ, ಮಳೆಗಾಲ ಮುಗಿದ ಆಶ್ವಯುಜ, ಕಾರ್ತಿಕವೇ ಇದಕ್ಕೆ ಸರಿಯಾದ ಹೊತ್ತು. ಸಂಜೆ ಬಳಿದು, ಮರುದಿನ ಬೆಳಿಗ್ಗೆ ಮಂಜಿನಂತೆ ನೀರು ಚಿಮುಕಿಸಿ ಇನ್ನೊಂದು ಸಲ ಬಳಿಯಿರಿ. ಅಂಚಿನ ಕೆಂಪು ಪಟ್ಟೆಯನ್ನು ಸುಣ್ಣ ಇನ್ನೂ ಹಸಿಯಾಗಿರುವಾಗಲೇ ಎಳೆದರೆ ಬಣ್ಣ ಸುಣ್ಣದೊಳಗೇ ಕೂಡಿಕೊಳ್ಳುತ್ತದೆ.

ಬಣ್ಣ ಮುಗಿದ ಮೇಲೆ ನಾಲ್ಕೈದು ದಿನ ಒಲೆಗೆ ರಜೆ ಕೊಡಿ, ಅಡುಗೆ ಗ್ಯಾಸಿನಲ್ಲಿ ನಡೆಯಲಿ. ಮೊದಲ ಉರಿ ಸಣ್ಣದಿರಲಿ. ನಾಲ್ಕು ಹತ್ತಿ ಕಟ್ಟಿಗೆ ಹಾಕಿ ಹಾಲು ಉಕ್ಕಿಸಿ, ಅಷ್ಟಕ್ಕೇ ಆರಿಸಿ. ಇಟ್ಟಂಗಿಯೊಳಗಿನ ನೀರು ನಿಧಾನವಾಗಿ ಹೊರಗೆ ಬರಲಿ. ಮರುದಿನ ಇನ್ನಷ್ಟು ಕಟ್ಟಿಗೆ, ಹಂಡೆಯ ನೀರು. ಅದರ ಮಾರನೆಯ ದಿನ ಹಂಚಿಟ್ಟು ರೊಟ್ಟಿ ಬಡಿಯಬಹುದು.